ಒಂದೂವರೆ ದಿನದ ಡಾಕ್ಟರಮ್ಮ

ಅಡಿಲೇಡಿನ ಮಾಡ್ಬರಿಯಲ್ಲಿ ಒಂದು ಕ್ಲಿನಿಕ್ಕಿದೆ. ಅಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಬಂದವರ ಹುಟ್ಟಿದ ತಾರೀಖು ಕೇಳಿ ಕಂಪ್ಯೂಟರಿಗೆ ಹಾಕುತ್ತೇನೆ, ಕುರ್ಚಿ ತೋರಿಸುತ್ತೇನೆ. ಮೈಸೂರಿನಲ್ಲಿ ಎಂಬಿಬಿಎಸ್ ಮಾಡಿ ಆರು ವರ್ಷ ರೋಗಿಗಳನ್ನು ನೋಡಿದವಳು ನಾನು ಎಂದು ಆ ಕುರ್ಚಿಗಳಲ್ಲಿ ಕೂತವರಿಗೆ ಗೊತ್ತಿಲ್ಲ. ಗೊತ್ತಾಗಿ ಅವರಿಗೆ ಆಗಬೇಕಾದದ್ದೂ ಏನಿಲ್ಲ. ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಪರೀಕ್ಷೆಯ ಮೊದಲ ಭಾಗ ಪಾಸಾಗಿ, ಎರಡನೆಯ ಭಾಗದಲ್ಲಿ ಎರಡು ಸಲ ಫೇಲಾಗಿದ್ದೇನೆ. ಅಷ್ಟರಲ್ಲಿ ವರ್ಷಗಳು ಕಳೆದುಹೋದವು. ಈಗ ಪಾಸಾದರೂ ಕೆಲಸ ಕೊಡುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೊನೆಯ ಸಲ ರೋಗಿಯನ್ನು ನೋಡಿದ್ದು ಯಾವಾಗ? ಒಂಬತ್ತು ವರ್ಷದ ಹಿಂದೆ ಎಂದರೆ ಅಲ್ಲಿಗೆ ಮಾತು ಮುಗಿಯಿತು.

ನನ್ನ ಈ ನೋವಿನ ಜಾಗವನ್ನು ಸರಿಯಾಗಿ ಹುಡುಕಿ ಬೆರಳಿಟ್ಟವರು ನಮ್ಮ ಪ್ರಾರ್ಥನಾ ಕೂಟದ ಮುಖಂಡರು. ಅಡಿಲೇಡ್, ಪರ್ತ್, ಬ್ರಿಸ್ಬೇನ್ ಮೂರೂ ಊರುಗಳ ಕನ್ನಡದ ಕ್ರೈಸ್ತರು ಶುಕ್ರವಾರ ಸಂಜೆ ವಿಡಿಯೋ ಕಾಲಿನಲ್ಲಿ ಸೇರಿ ಹಾಡಿ, ಸತ್ಯವೇದ ಓದಿ, ಕೊನೆಗೆ ಯಾರ ಮನೆಯ ಬೆಲೆ ಎಷ್ಟು ಏರಿತು ಎಂದು ಮಾತಾಡಿ ಏಳುವ ಕೂಟ ಅದು. ಮುಖಂಡರು ಇರುವುದು ಬ್ರಿಸ್ಬೇನಿನಲ್ಲಿ. ಮೂಲ ಬೆಂಗಳೂರು, ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ನಾವೆಲ್ಲ ಅವರನ್ನು ಬ್ರದರ್ ಎನ್ನುತ್ತೇವೆ. ದೇವರ ರಾಜ್ಯವನ್ನೂ ಸ್ಪ್ರೆಡ್‌ಶೀಟಿನಲ್ಲಿ ತುಂಬಿಸಬಹುದು ಎಂದು ಪ್ರಾಮಾಣಿಕವಾಗಿ ನಂಬಿರುವ ಮನುಷ್ಯ. ಆಫ್ರಿಕಾದ ಮಲಾವಿಯ ಒಂದು ಹಳ್ಳಿಗೆ ಎರಡು ವಾರದ ಸುವಾರ್ತಾ ಸೇವೆಗೆ ಹೋಗುವ ಯೋಜನೆಯನ್ನು ಅವರು ಸ್ಲೈಡುಗಳಲ್ಲಿ ತೋರಿಸಿದಾಗ, ಉದ್ದೇಶ ಎಂಬ ತಲೆಬರಹದ ಕೆಳಗೆ ಆತ್ಮಗಳು, ಆರೋಗ್ಯ, ಫೋಟೋ ಎಂದು ಮೂರು ಸಾಲುಗಳಿದ್ದವು. ಅದನ್ನು ನೋಡಿ ಯಾರೂ ನಗಲಿಲ್ಲ.

ಕಾಲ್ ಮುಗಿದ ಮೇಲೆ ನನ್ನೊಬ್ಬಳಿಗೇ ಫೋನ್ ಮಾಡಿದರು.

"ಸಿಸ್ಟರ್, ನಮ್ಮ ಟೀಮಿಗೆ ಡಾಕ್ಟರ್ ನೀವೇ. ದೇವರು ನಿಮ್ಮನ್ನ ಅದಕ್ಕೇ ಇಟ್ಟಿರೋದು."

"ಬ್ರದರ್, ನಂಗೆ ಇಲ್ಲಿ ಲೈಸೆನ್ಸ್ ಇಲ್ಲ, ಗೊತ್ತಲ್ವಾ?"

"ಇಲ್ಲಿ ಇಲ್ಲ. ಅಲ್ಲಿ ಯಾರು ಕೇಳ್ತಾರೆ? ವಾಪಸ್ ಬಂದ್ಮೇಲೆ ಲೆಟರ್ ಕೊಡ್ತೀನಿ. ಇಷ್ಟು ಜನ ಪೇಷೆಂಟ್ಸ್ ನೋಡಿದ್ದಾರೆ, ಫುಲ್ ಟೈಮ್ ಡಾಕ್ಟರ್ ಆಗಿ ಸೇವೆ ಮಾಡಿದ್ದಾರೆ ಅಂತ. ನಿಮ್ಮ ಗ್ಯಾಪ್ ಮುಚ್ಚೋಗತ್ತೆ."

ನಾನು ದೇವರ ಪ್ರೀತಿಗೆ ಹೋದೆ ಎಂದು ಬರೆದರೆ ಕೈ ಸುಡುತ್ತದೆ. ಹೋದದ್ದು ಆ ಪತ್ರಕ್ಕೆ. ಮನೆಯಲ್ಲಿ ಗಂಡ ಖುಷಿಪಟ್ಟರು, ನನ್ನ ಮುಖದಲ್ಲಿ ನಗು ಕಂಡು ಅವರಿಗೂ ಬಹಳ ದಿನವಾಗಿತ್ತು. ಹದಿನಾಲ್ಕು ವರ್ಷದ ಮಗಳು ಮಾತ್ರ ಟೋಸ್ಟಿನಿಂದ ತಲೆಯೆತ್ತಿ, "ಬಟ್ ಅಮ್ಮಾ, ಡು ದೆ ನೋ?" ಎಂದಳು, ಅಲ್ಲಿಯ ಜನರಿಗೆ ಗೊತ್ತಿದೆಯೇ ಎಂದು. ಅವಳಿಗೆ ನಮ್ಮ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ. ಸ್ಕೂಲಿಗೆ ಹೊತ್ತಾಯಿತು ಎಂದು ಅವಳನ್ನು ಎಬ್ಬಿಸಿ ಕಳಿಸಿದೆ.

ಪರ್ತಿನಿಂದ ಆಫ್ರಿಕಾಕ್ಕೆ ನೇರ ವಿಮಾನವಿರುವುದರಿಂದ ಎಲ್ಲರೂ ಅಲ್ಲಿಗೇ ಬಂದು ಸೇರಿದೆವು. ಒಟ್ಟು ಹನ್ನೊಂದು ಜನ. ಪರ್ತ್ ಸಿಟಿಯ ಗಣಿ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಒಬ್ಬರ ಮನೆಯಲ್ಲಿ ಎರಡು ದಿನ ಬೀಡು. ಮೊದಲ ದಿನವೆಲ್ಲ ಕ್ಯಾನಿಂಗ್ಟನ್ನಿನ ಮಾಲಿನಲ್ಲಿ ಕಳೆಯಿತು. ಬಡವರ ನಡುವೆ ಇರಲು ಏನೇನು ಬೇಕೋ ಅದನ್ನೆಲ್ಲ ಕೊಂಡೆವು: ಅಗಲ ಅಂಚಿನ ಟೋಪಿ, ಕೈಗೆ ಹಚ್ಚುವ ಸ್ಯಾನಿಟೈಸರು, ಸೊಳ್ಳೆಗೆ ಮೂರು ಬಗೆಯ ಸ್ಪ್ರೇ, ಕೆಮ್ಮಣ್ಣಿನ ಧೂಳು ಕಾಣದಿರಲೆಂದು ಕಂದು ಬಣ್ಣದ ಪ್ಯಾಂಟು. ಇಂಡಿಯನ್ ಅಂಗಡಿಯಲ್ಲಿ ಬಿಸಿನೀರು ಹಾಕಿದರೆ ಸಾಕೆನ್ನುವ ಉಪ್ಪಿಟ್ಟಿನ ಪೊಟ್ಟಣಗಳು, ನಿಂಬೆ ಉಪ್ಪಿನಕಾಯಿ, ಚಕ್ಕುಲಿ. ಅಲ್ಲಿಯವರು ಏನು ತಿನ್ನುತ್ತಾರೆ ಎಂದು ಯಾರೂ ವಿಚಾರಿಸಲಿಲ್ಲ. ಸಂಜೆ ಬ್ರದರ್ ಕಿತ್ತಳೆ ಬಣ್ಣದ ಟೀ ಶರ್ಟ್ ಹಂಚಿದರು. ಎಲ್ಲರ ಬೆನ್ನಿನ ಮೇಲೂ ಸೇವಕ ಎಂದು ಇಂಗ್ಲಿಷಿನಲ್ಲಿತ್ತು. ನನ್ನದರ ಮೇಲೆ ಮಾತ್ರ ಡಾಕ್ಟರ್ ಎಂದಿತ್ತು. ಬಾತ್‌ರೂಮಿನ ಕನ್ನಡಿಗೆ ಬೆನ್ನು ಹಾಕಿ, ಕತ್ತು ಹೊರಳಿಸಿ ಎಷ್ಟು ಹೊತ್ತು ಅದನ್ನು ಓದಿದೆನೋ, ಹೊರಗಿನಿಂದ ಯಾರೋ ಬಾಗಿಲು ಬಡಿದರು.

ರಾತ್ರಿ ಊಟಕ್ಕೆ ಮೊದಲು ಹಾಡಿನ ಅಭ್ಯಾಸ. ಆ ದೇಶದ ಭಾಷೆಯ ಒಂದು ಸ್ತುತಿಗೀತೆಯನ್ನು ಕನ್ನಡ ಅಕ್ಷರದಲ್ಲಿ ಬರೆದು ಹಂಚಿದ್ದರು. ಒಂದು ಪದದ ಅರ್ಥವೂ ಗೊತ್ತಿಲ್ಲದೆ, ಹನ್ನೊಂದು ಜನ ಕಣ್ಣು ಮುಚ್ಚಿ ತೂಗಾಡುತ್ತಾ ಹಾಡಿದೆವು. ಎಂಜಿನಿಯರರ ಹೆಂಡತಿಗೆ ಕಣ್ಣಲ್ಲಿ ನೀರೇ ಬಂತು.

ಇದನ್ನೆಲ್ಲ ಬಿಳಿಯರು ಮಾಡಿದರೆ ನಗಬಹುದು. ನಾವು ಮಾಡಿದ್ದಕ್ಕೆ ನನಗೆ ಇವತ್ತಿಗೂ ಮೈ ಉರಿಯುತ್ತದೆ, ಏಕೆಂದರೆ ನಮ್ಮ ಪೈಕಿ ಒಬ್ಬೊಬ್ಬರ ಹಿಂದೆಯೂ ಅಂಥದೇ ಒಂದು ಹಳ್ಳಿಯಿದೆ. ನಮ್ಮ ಮುತ್ತಜ್ಜನ ಕಾಲಿಗೆ ಹುಣ್ಣಾದಾಗ ಊರಿನ ಪಂಡಿತರು ಬೇರು ನಾರನ್ನು ದೂರದಿಂದಲೇ ಎಸೆದು ಹೋಗುತ್ತಿದ್ದರಂತೆ. ಅವನ ಕಾಲನ್ನು ಕೈಯಿಂದ ಹಿಡಿದು ತೊಳೆದ ಮೊದಲ ಮನುಷ್ಯ ಮಿಷನ್ ಆಸ್ಪತ್ರೆಯವನು. ನಾವು ಕ್ರೈಸ್ತರಾದದ್ದು ಹಾಗೆ. ಇಂಥ ಒಂದು ಮುತ್ತಜ್ಜ ಬ್ರದರ್‌ಗೂ ಇರಲೇಬೇಕು. ಆದರೆ ಬ್ರಿಸ್ಬೇನಿನಲ್ಲಿ ಈಜುಕೊಳದ ಮನೆ ಕಟ್ಟಿಸಿದವರು ಅವನ ಮಾತೆತ್ತುವುದಿಲ್ಲ. ಅವನನ್ನು ಮರೆಯಲೆಂದೇ ಅಷ್ಟು ದೂರ ಹೋಗಿ, ಇನ್ನೊಬ್ಬರ ಮುತ್ತಜ್ಜನನ್ನು ಉದ್ಧಾರ ಮಾಡಲು ಹೊರಟಿದ್ದೆವು.

ಹಳ್ಳಿ ತಲುಪಿದ್ದು ಮಧ್ಯಾಹ್ನ. ಕೆಂಪು ಮಣ್ಣು, ಮೆಕ್ಕೆಜೋಳದ ಹೊಲ, ಎಲ್ಲಿ ನೋಡಿದರೂ ಮಾವಿನ ಮರ. ಹೆಂಗಸರು ನಮಗಾಗಿ ಅಡುಗೆ ಮಾಡಿ ಕಾಯುತ್ತಿದ್ದರು: ಬಿಳಿ ಮೆಕ್ಕೆಜೋಳದ ಹಿಟ್ಟನ್ನು ತಿರುವಿ ಮಾಡಿದ ಗಟ್ಟಿ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನಲ್ಲಿ ಅದ್ದಿ ತಿನ್ನಬೇಕು. ನನಗೆ ಹೇಳಿಕೊಡಬೇಕಾಗಲಿಲ್ಲ. ಬಡಿಸುತ್ತಿದ್ದ ಹೆಂಗಸು ನನ್ನ ಬೆರಳುಗಳನ್ನೇ ನೋಡಿ ನಕ್ಕು ಇನ್ನೊಂದು ತುತ್ತು ಹಾಕಿದಳು. ಬ್ರದರ್ ನನ್ನ ಕಿವಿಯ ಬಳಿ ಬಗ್ಗಿ, "ಸಿಸ್ಟರ್, ಜಾಸ್ತಿ ತಿನ್ಬೇಡಿ. ಇದೆಲ್ಲ ನಾವು ಬಿಟ್ಟು ಬಂದಿರೋ ಊಟ. ರೂಮಲ್ಲಿ ಉಪ್ಪಿಟ್ಟಿದೆ" ಎಂದರು. ಮಂಡ್ಯದ ಕಡೆಯ ತಾಯಿಯ ಕೈಯಲ್ಲಿ ಮುದ್ದೆ ಉಂಡು ಬೆಳೆದ ಬಾಯಿ ಅವರದು.

ಆ ಊರಿನಲ್ಲಿ ಆರೋಗ್ಯಕ್ಕೆಂದು ಇದ್ದದ್ದು ಎರಡು ಕೋಣೆಯ ಒಂದು ಕ್ಲಿನಿಕ್ಕು, ಅದರಲ್ಲಿ ಒಬ್ಬಳೇ ನರ್ಸು. ಕಟ್ಟಡ ಅಲ್ಲಿಯ ಚರ್ಚಿನ ಸಭೆಯದು. ನರ್ಸು ಮೂವತ್ತೈದರ ಆಸುಪಾಸಿನ ಹೆಂಗಸು, ಕಡಿಮೆ ಮಾತು, ಇಸ್ತ್ರಿ ಹಾಕಿದ ಬಿಳಿ ಬಟ್ಟೆ. ಒಳ್ಳೆಯ ಇಂಗ್ಲಿಷ್ ಮಾತಾಡುತ್ತಿದ್ದಳು. ಬ್ರದರ್ ನನ್ನನ್ನು ಆಸ್ಟ್ರೇಲಿಯಾದ ಡಾಕ್ಟರ್ ಎಂದು ಪರಿಚಯಿಸಿದಾಗ ಅವಳು ಎರಡೂ ಕೈ ಜೋಡಿಸಿ ಮಂಡಿ ಸ್ವಲ್ಪ ಬಗ್ಗಿಸಿದಳು. ಆಮೇಲೆ, ಇಲ್ಲಿ ಪ್ರತಿಯೊಬ್ಬ ರೋಗಿಯ ಬಳಿಯೂ ಒಂದು ಪುಸ್ತಕ ಇರುತ್ತದೆ, ದಯವಿಟ್ಟು ಅದನ್ನು ನೋಡಿ ಔಷಧ ಕೊಡಿ ಎಂದಳು. ಅವಳು ಹೇಳಿದ್ದು ಅದೊಂದೇ.

ಮಾರನೆಯ ಬೆಳಿಗ್ಗೆ ಕ್ಲಿನಿಕ್ಕಿನ ಅಂಗಳದಲ್ಲಿ ನಮ್ಮ ಶಿಬಿರ ಶುರುವಾದಾಗ ನೋಡಿದೆ, ಆ ಪುಸ್ತಕಗಳು ನಮ್ಮ ಕೈಯಗಲದವು. ಹುಟ್ಟಿದಾಗ ಹಾಕಿದ ಚುಚ್ಚುಮದ್ದಿನಿಂದ ಹಿಡಿದು ಹೋದ ತಿಂಗಳ ಜ್ವರದ ತನಕ ಎಲ್ಲವೂ ಅದರಲ್ಲಿರುತ್ತಿತ್ತು. ಹೆಂಗಸರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟದ ಬಟ್ಟೆಯೊಳಗೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಆದರೆ ನಮ್ಮ ಬ್ರದರ್ ಬ್ರಿಸ್ಬೇನಿನಿಂದಲೇ ಬಣ್ಣದ ಕಾರ್ಡುಗಳನ್ನು ಅಚ್ಚು ಹಾಕಿಸಿ ತಂದಿದ್ದರು. ಮೇಲೆ ಸತ್ಯವೇದದ ಒಂದು ವಾಕ್ಯ, ಕೆಳಗೆ ಸೂರ್ಯೋದಯ, ನಡುವೆ ಹೆಸರಿಗೂ ಕಾಯಿಲೆಗೂ ಒಂದೊಂದು ಗೆರೆ. ನೋಂದಣಿ ಮೇಜಿನಲ್ಲಿ ಕೂತ ಎಂಜಿನಿಯರರ ಹೆಂಡತಿ, ಬಂದವರು ಪುಸ್ತಕ ತೆಗೆದರೆ "ನೋ ನೋ, ದಿಸ್ ಒನ್" ಎಂದು ಹೊಸ ಕಾರ್ಡು ಕೊಡುತ್ತಿದ್ದರು. ಪುಸ್ತಕ ಮತ್ತೆ ಸೊಂಟಕ್ಕೆ ಹೋಗುತ್ತಿತ್ತು. ನಾನು ಇದನ್ನು ನೋಡಿದೆ, ನರ್ಸಿನ ಮಾತೂ ನೆನಪಿತ್ತು. ಆದರೆ ಸಾಲು ಪಕ್ಕದ ಶಾಲೆಯ ಬೇಲಿಯ ತನಕ ಬೆಳೆದಿತ್ತು, ಒಬ್ಬೊಬ್ಬರ ಪುಸ್ತಕ ಓದುತ್ತಾ ಕೂತರೆ ನನ್ನ ಪತ್ರದಲ್ಲಿ ಬರೆಯುವಷ್ಟು ಜನರಾಗುತ್ತಿರಲಿಲ್ಲ.

ಶಿಬಿರದ ಮೊದಲ ದಿನದ ಸುಖವನ್ನು ಮುಚ್ಚಿಡುವುದಿಲ್ಲ. ಒಂಬತ್ತು ವರ್ಷದ ಮೇಲೆ ಸ್ಟೆತಾಸ್ಕೋಪ್ ಕಿವಿಗಿಟ್ಟಾಗ ಒಳಗಿನಿಂದ ಬಂದ ಆ ಉಸಿರಿನ ಸದ್ದು ಕೇಳಿ ಅಳು ಬಂತು. ಕೈಗೆ ಎಲ್ಲ ನೆನಪಿತ್ತು. ಎಡ ಪಕ್ಕೆಲುಬಿನ ಕೆಳಗೆ ಗುಲ್ಮ ಎಲ್ಲಿ ಕೈಗೆ ಸಿಗುತ್ತದೆ, ಕಣ್ಣಿನ ರೆಪ್ಪೆ ಹೇಗೆ ಎಳೆಯಬೇಕು, ಯಾವುದೂ ಮರೆತಿರಲಿಲ್ಲ. ಪಕ್ಕದಲ್ಲಿ ಶಾಲೆಯ ಮೇಷ್ಟರೊಬ್ಬರು ನಿಂತು ಅವರ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಎಲ್ಲರೂ ನನ್ನನ್ನು ಡಾಕ್ಟರ್ ಎನ್ನುತ್ತಿದ್ದರು. ಬ್ರದರ್ ಆಗಾಗ ಬಂದು ಫೋಟೋ ತೆಗೆದು, ಸಂಖ್ಯೆ ಕೇಳಿ ಬರೆದುಕೊಂಡು ಹೋಗುತ್ತಿದ್ದರು. ಬರಿಗೈಯಲ್ಲಿ ಯಾರನ್ನೂ ಕಳಿಸಬಾರದು ಎಂಬ ಮೈಸೂರಿನ ಸಣ್ಣ ಕ್ಲಿನಿಕ್ಕುಗಳ ಚಾಳಿ ಮೈಮೇಲೆ ಬಂದು, ಏನೂ ಇಲ್ಲದವರಿಗೂ ಬಿ ಕಾಂಪ್ಲೆಕ್ಸ್ ಕೊಟ್ಟೆ.

ಊಟದ ಹೊತ್ತು ಮೀರಿದ ಮೇಲೆ ಒಬ್ಬಳು ಬಂದಳು. ಸಣಕಲು ಹೆಂಗಸು, ಬೆನ್ನಿಗೆ ಕಟ್ಟಿದ ಕೂಸು, ಕೆಮ್ಮು. ಎಷ್ಟು ದಿನದಿಂದ ಎಂದೆ. ಒಂದು ತಿಂಗಳಾಯಿತಂತೆ ಎಂದರು ಮೇಷ್ಟರು. ಎದೆಗೆ ಕಿವಿಕೊಟ್ಟೆ, ಒಂದು ಕಡೆ ಗೊರಗೊರ ಸದ್ದಿತ್ತು. ನಮ್ಮ ಪೆಟ್ಟಿಗೆಯಲ್ಲಿ ಯಾರೋ ದಾನ ಕೊಟ್ಟ ಲೀವೋಫ್ಲಾಕ್ಸಾಸಿನ್ ಇತ್ತು, ಬಲವಾದ ಆ್ಯಂಟಿಬಯಾಟಿಕ್ಕು. ಹತ್ತು ದಿನದ ಗುಳಿಗೆ ಕೊಟ್ಟೆ. ಕಾರ್ಡಿನಲ್ಲಿ ಕೆಮ್ಮು ಎಂದು ಬರೆದು ಮುಂದಿನವರನ್ನು ಕರೆದೆ. ಅವಳಿಗೆ ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಕರ್ನಾಟಕದ ಯಾವುದೇ ಮೆಡಿಕಲ್ ಕಾಲೇಜಿನ ಯಾವುದೇ ಹುಡುಗಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿ: ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮಿಗೆ ಏನು ಮಾಡುತ್ತೀ? ಕಫ ಪರೀಕ್ಷೆ ಎನ್ನುತ್ತಾಳೆ. ನಮ್ಮ ಆಸ್ಪತ್ರೆಯ ಗೋಡೆಗೋಡೆಯ ಮೇಲೂ ಅದನ್ನೇ ಬರೆದಿರುತ್ತಿದ್ದರು. ಈ ಜಾತಿಯ ಗುಳಿಗೆಯನ್ನು ಮೊದಲೇ ಕೊಟ್ಟರೆ ಕ್ಷಯರೋಗ ಕೆಲವು ದಿನ ತಲೆ ತಗ್ಗಿಸಿ ಕೂರುತ್ತದೆ, ಕೆಮ್ಮು ಇಳಿಯುತ್ತದೆ, ಪರೀಕ್ಷೆಯಲ್ಲೂ ಸಿಗದೆ ತಪ್ಪಿಸಿಕೊಳ್ಳುತ್ತದೆ, ಆಮೇಲೆ ಇನ್ನಷ್ಟು ಗಟ್ಟಿಯಾಗಿ ಎದ್ದು ಬರುತ್ತದೆ. ಇದೂ ನನಗೆ ಗೊತ್ತಿದ್ದದ್ದೇ. ಹಿಂದೆ ಮೈಸೂರಿನಲ್ಲಿ ಹೀಗೆ ಮಾಡುವ ಡಾಕ್ಟರುಗಳನ್ನು ನಾನೇ ಬಾಯಿಗೆ ಬಂದಂತೆ ಬೈದಿದ್ದೇನೆ.

ಮರುದಿನ ಮಧ್ಯಾಹ್ನ ನರ್ಸು ನನ್ನ ಮೇಜಿನ ಬಳಿ ಬಂದು, ಐದು ನಿಮಿಷ ಒಳಗೆ ಬನ್ನಿ ಎಂದಳು. ಅವಳ ಕೋಣೆಯ ಬೆಂಚಿನ ಮೇಲೆ ಅದೇ ಹೆಂಗಸು ಕೂತಿದ್ದಳು. ಮೇಜಿನ ಮೇಲೆ ಮೂರು ವಸ್ತು ಇದ್ದವು: ನಾನು ಕೊಟ್ಟ ಗುಳಿಗೆಯ ಪಟ್ಟಿ, ಮುಚ್ಚಳವಿರುವ ಒಂದು ಖಾಲಿ ಡಬ್ಬಿ, ಆಕೆಯ ಪುಸ್ತಕ. ನರ್ಸು ಪುಸ್ತಕದ ಕೊನೆಯ ಪುಟ ತೆರೆದು ನನ್ನ ಕಡೆ ತಿರುಗಿಸಿದಳು. ಹಿಂದಿನ ವಾರದ ತಾರೀಖು. ನಾಲ್ಕು ವಾರದ ಕೆಮ್ಮು, ತೂಕ ಇಳಿದಿದೆ, ಕಫಕ್ಕೆ ಡಬ್ಬಿ ಕೊಟ್ಟಿದ್ದೇನೆ, ಜಿಲ್ಲಾ ಆಸ್ಪತ್ರೆಯ ಬೈಕು ಬಂದ ದಿನ ಕಳಿಸಬೇಕು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು.

"ಇವತ್ತು ಬೈಕು ಬರುವ ದಿನ," ಎಂದಳು ನರ್ಸು. "ಈಕೆ ಖಾಲಿ ಡಬ್ಬಿ ವಾಪಸು ಕೊಡಲು ಬಂದಳು. ಆಸ್ಟ್ರೇಲಿಯಾದ ಡಾಕ್ಟರು ಔಷಧ ಕೊಟ್ಟರು, ಇನ್ನು ಇದು ಬೇಡ ಅಂದಳು. ಒಂದೇ ಗುಳಿಗೆ ನುಂಗಿದ್ದಾಳೆ. ಪುಣ್ಯ."

ಕ್ಷಮಿಸಿ, ಪುಸ್ತಕ ನೋಡಲಿಲ್ಲ ಎಂದೆ.

"ನೋಡಬೇಕಾಗಿಯೂ ಇರಲಿಲ್ಲ. ಒಂದು ತಿಂಗಳ ಕೆಮ್ಮು ಅಂತ ಆಕೆ ಹೇಳಿದ್ದಳಂತೆ." ನಂತರ ದನಿ ಏರಿಸದೆ, ಅಂಗಡಿಯಲ್ಲಿ ಉಪ್ಪಿನ ಬೆಲೆ ವಿಚಾರಿಸುವವರಷ್ಟೇ ಸಾದಾ ಆಗಿ ಕೇಳಿದಳು. "ಡಾಕ್ಟರ್, ನಿಮ್ಮ ನೋಂದಣಿ ಎಲ್ಲಿಯದು?"

ಮೂರು ಊರುಗಳ ಕೂಟ, ಅಷ್ಟೊಂದು ಸ್ಲೈಡು, ಅಷ್ಟೊಂದು ಪ್ರಾರ್ಥನೆ. ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಸುಳ್ಳು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಭಾರತದ್ದಿತ್ತು, ನವೀಕರಿಸಿಲ್ಲ, ಆಸ್ಟ್ರೇಲಿಯಾದಲ್ಲಿ ನಾನು ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತುತ್ತೇನೆ ಎಂದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. "ಹಾಗಾದರೆ ಇವತ್ತಿನಿಂದ ನೋಡಬೇಡಿ. ನಿನ್ನೆಯಿಂದ ನೋಡಿದವರ ಕಾರ್ಡುಗಳನ್ನು ನನಗೆ ಕೊಡಿ. ನಾನು ಒಬ್ಬೊಬ್ಬರನ್ನೇ ಹುಡುಕಬೇಕು," ಎಂದಳು. ಹೊರಗೆ ನನ್ನ ಸಾಲು ಹಾಗೇ ಕಾಯುತ್ತಿತ್ತು.

ಬ್ರದರ್‌ಗೆ ಹೇಳಿದೆ. ಕ್ಷಯದ ಮಾತು ಅವರ ತಲೆಯೊಳಗೆ ಹೋಗಲೇ ಇಲ್ಲ.

"ಅವ್ಳು ಯಾರು ನಿಲ್ಸೋಕೆ? ಒಂದು ನರ್ಸು!"

"ಅವರು ಹೇಳಿದ್ದು ಸರಿ ಬ್ರದರ್. ನಾನು ತಪ್ಪು ಮಾಡಿದೀನಿ. ಪೇಷೆಂಟಿಗೆ ಅಪಾಯ ಆಗ್ತಿತ್ತು."

"ಸಿಸ್ಟರ್, ಇದು ಶತ್ರುವಿನ ಕೆಲ್ಸ. ಸೇವೆ ಚೆನ್ನಾಗಿ ನಡೀವಾಗ್ಲೇ ಸೈತಾನ ಅಡ್ಡಿ ತರೋದು. ನೀವ್ ಸುಮ್ನಿರಿ, ನಾನ್ ಮಾತಾಡ್ತೀನಿ. ನಿಮ್ ಲೆಟರ್ ಡ್ರಾಫ್ಟ್ ಕೂಡ ರೆಡಿ ಇದೆ, ನಂಬರ್ ಒಂದು ಹಾಕ್ಬೇಕು ಅಷ್ಟೆ." ಕೈಯಲ್ಲಿದ್ದ ನೀಲಿ ಫೈಲನ್ನು ತಟ್ಟಿ ತೋರಿಸಿದರು. ನನ್ನ ಕಣ್ಣು ಆ ಫೈಲಿನ ಮೇಲೇ ಇತ್ತು.

ಸಂಜೆಗೆ ಮೊದಲೇ ಮಾವಿನ ಮರದ ಕೆಳಗೆ ಸಭೆ ಸೇರಿತು. ಅಲ್ಲಿಯ ಚರ್ಚಿನ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂತಿದ್ದರು. ಬಿಳಿ ಗಡ್ಡದ ಸೌಮ್ಯ ಮನುಷ್ಯ. ನರ್ಸು ಇರಬೇಕೋ ಬೇಡವೋ ಎಂದು ಜಿಲ್ಲಾ ಆರೋಗ್ಯ ಕಚೇರಿಗೆ ಬರೆಯುವ ಅಧಿಕಾರ ಅವರ ಕೈಯಲ್ಲಿತ್ತು. ನರ್ಸು ಒಂದು ಪಕ್ಕದಲ್ಲಿ ನಿಂತಿದ್ದಳು. ಊರಿನವರು ನೆಲದ ಮೇಲೆ ಕೂತಿದ್ದರು, ಮುಂದಿನ ಸಾಲಿನಲ್ಲೇ ಕೂಸಿನ ಸಮೇತ ಆ ಕೆಮ್ಮಿನ ಹೆಂಗಸು. ಬ್ರದರ್ ನಗುನಗುತ್ತಲೇ ಮಾತಾಡಿದರು. ಅವರು ಯಾವಾಗಲೂ ನಗುನಗುತ್ತಲೇ ಕತ್ತು ಕೊಯ್ಯುವವರು. ಮುಂದಿನ ವರ್ಷ ಕ್ಲಿನಿಕ್ಕಿಗೆ ಸೋಲಾರ್ ದೀಪ ತರುವ ಆಸೆ ನಮಗಿದೆ, ಆದರೆ ಸಹಕಾರ ಬೇಕು. ಸಹಕಾರ ಕೊಡದವರು ಇದ್ದ ಕಡೆ ದೇವರು ಆಶೀರ್ವದಿಸುವುದಾದರೂ ಹೇಗೆ? ಇಷ್ಟು ಹೇಳಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಈ ಸಿಸ್ಟರ್ ಆಸ್ಟ್ರೇಲಿಯಾದ ದೊಡ್ಡ ಆಸ್ಪತ್ರೆಯಲ್ಲಿ ಸೀನಿಯರ್ ಡಾಕ್ಟರ್ ಎಂದು ಎಲ್ಲರಿಗೂ ಹೇಳಿ," ಎಂದರು ಮೇಷ್ಟರ ಕಡೆ ತಿರುಗಿ.

ಮೇಷ್ಟರು ಹೇಳಿದರು. ಜನ ನನ್ನನ್ನು ನೋಡಿ ತಲೆಯಾಡಿಸಿದರು. ನಾನು ನರ್ಸಿನ ಮುಖ ನೋಡಿದೆ. ಅವಳಿಗೆ ನಿಜ ಗೊತ್ತಿತ್ತು, ಕೆಲಸ ಹೋಗುವುದರಲ್ಲಿತ್ತು, ಬಾಯಿ ಬಿಟ್ಟಿದ್ದರೆ ಅಲ್ಲಿಗೇ ನನ್ನ ಬಣ್ಣ ಬಯಲಾಗುತ್ತಿತ್ತು. ಅವಳು ನೆಲ ನೋಡುತ್ತಾ ನಿಂತಿದ್ದಳು. ಮುಚ್ಚಿದ ಬಾಗಿಲ ಒಳಗೆ ಹೇಳಿದ ಮಾತು, ಅದನ್ನು ಹೊರಗೆ ತರುವುದಿಲ್ಲ ಎಂದು ತೀರ್ಮಾನಿಸಿದ್ದಳು ಎಂದು ಕಾಣುತ್ತದೆ. ಅವಳು ಹೇಳಿಬಿಟ್ಟಿದ್ದರೆ ನಾನು ಖಂಡಿತ ಅಲ್ಲಗಳೆಯುತ್ತಿದ್ದೆ, ನಾನು ಎಂಥವಳು ಎಂದು ನನಗೆ ಗೊತ್ತಿದೆ. ಹೇಳದೆ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಸುಳ್ಳು," ಎಂದೆ. ಮೊದಲು ಕನ್ನಡದಲ್ಲೇ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಆಸ್ಟ್ರೇಲಿಯಾದಲ್ಲಿ ನನಗೆ ಡಾಕ್ಟರ್ ಕೆಲಸ ಮಾಡಲು ಅನುಮತಿಯಿಲ್ಲ. ಯಾರನ್ನೂ ಪರೀಕ್ಷೆ ಮಾಡುವ ಹಾಗಿಲ್ಲ, ಒಂದು ಚೀಟಿ ಬರೆಯುವ ಹಾಗಿಲ್ಲ. ನಿಮ್ಮ ನರ್ಸು ಹೇಳಿದ್ದೇ ಸರಿ, ಆಕೆ ತಡೆಯದಿದ್ದರೆ ಅಪಾಯವಾಗುತ್ತಿತ್ತು. ಮೇಷ್ಟರು ಒಂದು ಕ್ಷಣ ಬ್ರದರ್ ಮುಖ ನೋಡಿ, ಆಮೇಲೆ ಅದನ್ನೂ ಅವರ ಮಾತಿನಲ್ಲಿ ಹೇಳಿದರು.

"ಸಿಸ್ಟರ್, ಯಾಕ್ ಹಿಂಗ್ ಮಾಡ್ಬಿಟ್ರಿ?" ಬ್ರದರ್ ಹಲ್ಲು ಕಚ್ಚಿಕೊಂಡು ಕೇಳಿದರು. ಮುಖದ ಮೇಲಿನ ನಗು ಮಾತ್ರ ಇನ್ನೂ ಇಳಿದಿರಲಿಲ್ಲ.

ಆಗ ಮುಂದಿನ ಸಾಲಿನ ಆ ಹೆಂಗಸು ಏನೋ ಕೇಳಿದಳು. ಮೇಷ್ಟರು ಅದನ್ನು ನನಗೆ ಹೇಳಲು ಹಿಂದೆ ಮುಂದೆ ನೋಡಿದರು. ಹೇಳಿ ಎಂದೆ.

"ನಿಮ್ಮ ಊರಿನಲ್ಲಿ ನಿಮಗೆ ಯಾರ ಮೈಯನ್ನೂ ಮುಟ್ಟಲು ಬಿಡುವುದಿಲ್ಲ. ಹಾಗಾದರೆ ನನ್ನನ್ನು ಹೇಗೆ ಮುಟ್ಟಿದಿರಿ ಎಂದು ಕೇಳುತ್ತಿದ್ದಾಳೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿದುಕೊಳ್ಳಲು ಕೇಳಿದ್ದಳು. ಸೇವೆ, ಪ್ರೀತಿ, ದೇವರ ಕರೆ, ನಮ್ಮ ಕೂಟದಲ್ಲಿ ಬಳಸುವ ಎಲ್ಲ ಪದಗಳೂ ತಲೆಯಲ್ಲಿ ಹಾದು ಹೋದವು. ಒಂದನ್ನೂ ಅವಳ ಮುಂದೆ ಇಡುವ ಮುಖ ನನಗಿರಲಿಲ್ಲ.

"ನನಗೆ ಆಸೆಯಿತ್ತು. ಇಲ್ಲಿ ಯಾರೂ ಕೇಳುವುದಿಲ್ಲ ಅಂದುಕೊಂಡೆ," ಎಂದೆ. ಮೇಷ್ಟರು ಹೇಳಿದರು. ಅವಳು ಕೇಳಿಸಿಕೊಂಡು, ಕೂಸಿನ ಬಟ್ಟೆ ಬಿಗಿ ಮಾಡಿಕೊಂಡು ಎದ್ದು ನರ್ಸಿನ ಬಳಿ ಹೋಗಿ ಕೈ ಚಾಚಿದಳು. ನರ್ಸು ಜೇಬಿನಿಂದ ಆ ಡಬ್ಬಿ ತೆಗೆದು ಕೊಟ್ಟಳು. ಹಿರಿಯರು ಪ್ರಾರ್ಥನೆ ಮಾಡಿ ಸಭೆ ಮುಗಿಸಿದರು. ಜಿಲ್ಲೆಗೆ ಯಾರೂ ಏನೂ ಬರೆಯಲಿಲ್ಲ.

ಉಳಿದ ದಿನಗಳನ್ನು ನಾನು ನರ್ಸಿನ ಕೋಣೆಯಲ್ಲಿ ಕಳೆದೆ. ಕಾರ್ಡುಗಳ ಜನರನ್ನು ಮೇಷ್ಟರು ಕರೆತರುತ್ತಿದ್ದರು, ಅವಳು ನೋಡಿ ಹೇಳಿದ್ದನ್ನು ನಾನು ಅವರವರ ಪುಸ್ತಕದಲ್ಲಿ ಬರೆಯುತ್ತಿದ್ದೆ. ನನ್ನ ಅಕ್ಷರ ಚೆನ್ನಾಗಿದೆ ಎಂದಳು ಒಮ್ಮೆ. ಬ್ರದರ್ ಮತ್ತು ಉಳಿದವರು ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಕುಣಿಯುವುದನ್ನು ಕಲಿಸಿದರು. ಆ ಮಕ್ಕಳಿಗೆ ಇವರಿಂದ ಕಲಿಯಬೇಕಾಗಿತ್ತೇ ಎಂದು ಕಿಟಕಿಯಿಂದ ಕಂಡವರಿಗೆಲ್ಲ ಅನ್ನಿಸುವಂತಿತ್ತು. ನನ್ನ ಜೊತೆ ಮಾತಾಡುವುದನ್ನು ಎಲ್ಲರೂ ಬಿಟ್ಟರು. ಎಂಜಿನಿಯರರ ಹೆಂಡತಿ ಮಾತ್ರ ಒಂದು ದಿನ ಉಪ್ಪಿಟ್ಟಿನ ತಟ್ಟೆ ತಂದಿಟ್ಟು, "ಪಶ್ಚಾತ್ತಾಪ ಪಡಿ ಸಿಸ್ಟರ್, ದೇವರು ಕ್ಷಮಿಸ್ತಾನೆ" ಎಂದರು. ಯಾವುದಕ್ಕೆ ಎಂದು ಕೇಳಲಿಲ್ಲ, ಅವರ ಮನಸ್ಸಿನಲ್ಲಿದ್ದದ್ದು ಗುಳಿಗೆಯಲ್ಲ ಎಂದು ಗೊತ್ತಿತ್ತು.

ವಾಪಸು ಬಂದ ಮೇಲೆ ಮೂರು ಊರುಗಳವರೂ ಸೇರಿ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳುವ ವಿಡಿಯೋ ಕಾಲ್ ನಡೆಯಿತು. ನಾನು ಮನೆಯಲ್ಲಿ ಕೂತು ನೋಡಿದೆ. ಸ್ಲೈಡುಗಳಲ್ಲಿ ಕಿತ್ತಳೆ ಟೀ ಶರ್ಟುಗಳು, ಮಕ್ಕಳು, ಸೂರ್ಯೋದಯ. ಮೊದಲ ದಿನದ ಸಾಲಿನ ಫೋಟೋವೂ ಇತ್ತು, ನನ್ನ ತಲೆ ಬಾರದ ಹಾಗೆ ಕತ್ತರಿಸಿದ್ದರು. ಸ್ಟೆತಾಸ್ಕೋಪ್ ಹಿಡಿದ ಒಂದು ಕೈ ಮಾತ್ರ ಕಾಣುತ್ತಿತ್ತು. ನಮ್ಮ ವೈದ್ಯಕೀಯ ಸೇವೆ ಎಂದು ಅದರ ಕೆಳಗೆ ಬರೆದಿತ್ತು, ಪಕ್ಕದಲ್ಲಿ ಒಂದು ದೊಡ್ಡ ಸಂಖ್ಯೆ. ಎಲ್ಲರೂ ಹಲ್ಲೆಲೂಯಾ ಎಂದರು. ಪತ್ರದ ಮಾತನ್ನು ಬ್ರದರ್ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದಿಲ್ಲದೆ ನಾನು ಇನ್ನು ಡಾಕ್ಟರಾಗುವುದು ಅನುಮಾನ. ಆ ಸಂಕಟ ದೊಡ್ಡದು, ಅದು ಕಡಿಮೆಯಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಇದಾದ ಮೇಲೆ ಒಂದು ಮಧ್ಯಾಹ್ನ, ಕ್ಲಿನಿಕ್ಕಿನ ಮೇಜಿನಲ್ಲಿ ಕೂತಿದ್ದಾಗ ನರ್ಸಿನ ಮೆಸೇಜು ಬಂತು. ಆ ಹೆಂಗಸಿನ ಕಫದಲ್ಲಿ ಕ್ಷಯ ಸಿಕ್ಕಿದೆ, ಚಿಕಿತ್ಸೆ ಶುರುವಾಗಿದೆ. ಕೂಸಿಗೂ ಪರೀಕ್ಷೆ ಮಾಡಿಸಿ ಮುನ್ನೆಚ್ಚರಿಕೆಯ ಔಷಧ ಕೊಡುತ್ತಿದ್ದೇನೆ, ತೂಕ ಸರಿಯಾಗಿದೆ ಎಂದು ಬರೆದಿದ್ದಳು. ನಾಲ್ಕೈದು ಸಲ ಓದಿದೆ. ಆ ಹತ್ತು ದಿನದ ಗುಳಿಗೆಯನ್ನು ಆ ಹೆಂಗಸು ನಂಬಿ ಪೂರ್ತಿ ನುಂಗಿದ್ದರೆ ಕೆಮ್ಮು ಇಳಿದಿರುತ್ತಿತ್ತು, ನಾವು ಹೊರಡುವ ದಿನ ಕೈಮುಗಿಯಲು ಬಂದಿರುತ್ತಿದ್ದಳು. ನನಗೆ ಸಿಗಬೇಕಾಗಿದ್ದ ಪತ್ರದಲ್ಲಿ, ನಾನು ವಾಸಿ ಮಾಡಿದವರ ಸಂಖ್ಯೆಯಲ್ಲಿ ಅವಳೂ ಒಬ್ಬಳಾಗಿರುತ್ತಿದ್ದಳು.